ಭೂಮಿ ಎಳೆದ ಗೆರೆ, ಮನುಷ್ಯ ಎಳೆದ ಗೆರೆ: ಗೋಳಾರ್ಧಗಳು ಹುಟ್ಟುವ ಬಗೆ

ಭೂಗೋಳದ ಮಾದರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಎರಡು ಬಗೆಯ ಗೆರೆಗಳು ಕಾಣುತ್ತವೆ. ಅಡ್ಡಲಾಗಿ ಸುತ್ತುವರಿದವು ಅಕ್ಷಾಂಶಗಳು, ಧ್ರುವದಿಂದ ಧ್ರುವಕ್ಕೆ ಇಳಿದವು ರೇಖಾಂಶಗಳು. ಶಾಲೆಯ ಪಾಠದಲ್ಲಿ ಇವೆರಡೂ ಯಾವಾಗಲೂ ಜೊತೆಯಲ್ಲೇ ಬರುತ್ತವೆ. ಸಮಭಾಜಕ ವೃತ್ತವು ಭೂಮಿಯನ್ನು ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳಾಗಿ ಭಾಗಿಸುತ್ತದೆ, 0° ಎಂದು ಕರೆಯುವ ಪ್ರಧಾನ ರೇಖಾಂಶವು ಪೂರ್ವ ಮತ್ತು ಪಶ್ಚಿಮ ಗೋಳಾರ್ಧಗಳಾಗಿ ಭಾಗಿಸುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹೀಗೆ ಜೋಡಿಸಿ ಹೇಳುವುದರಿಂದ ಒಂದು ದೊಡ್ಡ ವ್ಯತ್ಯಾಸ ಮರೆಯಾಗುತ್ತದೆ. ಮೊದಲನೆಯ ಗೆರೆಯನ್ನು ಭೂಮಿಯ ತಿರುಗುವಿಕೆಯೇ ಗೊತ್ತುಮಾಡಿದೆ. ಎರಡನೆಯದನ್ನು 1884ರಲ್ಲಿ ಒಂದು ಸಭೆ ಮತಕ್ಕೆ ಹಾಕಿ ಗೊತ್ತುಮಾಡಿತು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಗೋಳಾರ್ಧಗಳ ಬಗ್ಗೆ ಇರುವ ಬಹುಪಾಲು ಗೊಂದಲ ತಾನಾಗಿಯೇ ಕರಗುತ್ತದೆ.

ತಿರುಗುವುದರಿಂದ ಸಿಕ್ಕ ಗೆರೆ

ತಿರುಗದೆ ಸುಮ್ಮನೆ ನಿಂತಿರುವ, ಎಲ್ಲ ಕಡೆಯೂ ಒಂದೇ ರೀತಿ ಇರುವ ಗೋಳವನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆ ಯಾವ ಬಿಂದುವಿಗೂ ವಿಶೇಷ ಸ್ಥಾನವಿಲ್ಲ. ಅದನ್ನು ಎಲ್ಲಿ ಬೇಕಾದರೂ ಅರ್ಧಕ್ಕೆ ಕತ್ತರಿಸಬಹುದು, ಎಲ್ಲ ಅರ್ಧಗಳೂ ಸಮಾನ. ಆ ಗೋಳ ತಿರುಗಲು ಆರಂಭಿಸಿದ ಕ್ಷಣದಲ್ಲೇ ಪರಿಸ್ಥಿತಿ ಬದಲಾಗುತ್ತದೆ. ತಿರುಗುವ ಗೋಳಕ್ಕೆ ಒಂದು ಅಕ್ಷವಿರಲೇಬೇಕು. ಆ ಅಕ್ಷ ಮೇಲ್ಮೈಯನ್ನು ಎರಡು ಕಡೆ ಭೇದಿಸಿ ಹೊರಬರುತ್ತದೆ. ಅವೇ ಎರಡು ಧ್ರುವಗಳು. ಎರಡು ಧ್ರುವಗಳಿಂದಲೂ ಸಮಾನ ದೂರದಲ್ಲಿರುವ ಬಿಂದುಗಳನ್ನೆಲ್ಲ ಸೇರಿಸಿದರೆ ಒಂದೇ ಒಂದು ವೃತ್ತ ಸಿಗುತ್ತದೆ. ಅದೇ ಸಮಭಾಜಕ ವೃತ್ತ. ಇದರಲ್ಲಿ ಯಾರ ಇಷ್ಟಾನಿಷ್ಟಕ್ಕೂ ಜಾಗವಿಲ್ಲ. ಮನುಷ್ಯರೇ ಇಲ್ಲದಿದ್ದರೂ ಆ ವೃತ್ತ ಅಲ್ಲೇ ಇರುತ್ತಿತ್ತು. ಮಂಗಳ ಗ್ರಹಕ್ಕೂ ಅಂಥದ್ದೊಂದಿದೆ, ಸೂರ್ಯನಿಗೂ ಇದೆ.

ಭೂಮಿಯ ಮೈಕಟ್ಟಿನಲ್ಲೂ ಅದರ ಗುರುತು ಉಳಿದಿದೆ. ತಿರುಗುವ ವೇಗದಿಂದಾಗಿ ಭೂಮಿ ನಡುಭಾಗದಲ್ಲಿ ಸ್ವಲ್ಪ ಉಬ್ಬಿದೆ. ಕೇಂದ್ರದಿಂದ ಸಮಭಾಜಕ ವೃತ್ತಕ್ಕೆ ಸುಮಾರು 6,378 ಕಿಲೋಮೀಟರ್ ದೂರವಾದರೆ ಧ್ರುವಕ್ಕೆ ಸುಮಾರು 6,357 ಕಿಲೋಮೀಟರ್. ಈ 21 ಕಿಲೋಮೀಟರ್ ವ್ಯತ್ಯಾಸ ಬಾಹ್ಯಾಕಾಶದಿಂದ ತೆಗೆದ ಚಿತ್ರದಲ್ಲಿ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ, ಆದರೆ ಅಳತೆಗೆ ಸ್ಪಷ್ಟವಾಗಿ ಸಿಗುತ್ತದೆ.

ಅಕ್ಷಾಂಶ ಎಂದರೆ ಒಂದು ಕೋನ. ಸ್ಥೂಲವಾಗಿ ಹೇಳುವುದಾದರೆ, ನೀವು ನಿಂತ ಜಾಗದಿಂದ ಭೂಮಿಯ ಕೇಂದ್ರಕ್ಕೆ ಒಂದು ನೇರ ಗೆರೆ ಎಳೆದರೆ, ಆ ಗೆರೆಗೂ ಸಮಭಾಜಕ ವೃತ್ತದ ಸಮತಲಕ್ಕೂ ನಡುವೆ ಎಷ್ಟು ಡಿಗ್ರಿ ಇದೆ ಎಂಬುದೇ ನಿಮ್ಮ ಅಕ್ಷಾಂಶ. ಸಮಭಾಜಕ ವೃತ್ತದ ಮೇಲೆ ಅದು 0°, ಧ್ರುವದಲ್ಲಿ 90°. ಅದಕ್ಕಿಂತ ಹೆಚ್ಚಿನ ಅಕ್ಷಾಂಶ ಇರಲು ಸಾಧ್ಯವಿಲ್ಲ, ಏಕೆಂದರೆ ಧ್ರುವದಿಂದ ಮುಂದಿಟ್ಟ ಹೆಜ್ಜೆ ಮತ್ತೆ ಕೆಳಗೇ ಇಳಿಸುತ್ತದೆ. ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವ ಒಂದು ಮಿನಿಟು ಸುಮಾರು 1.85 ಕಿಲೋಮೀಟರ್. ಸಮುದ್ರಯಾನದ ಮೈಲಿ, ಅಂದರೆ 1,852 ಮೀಟರ್, ಹುಟ್ಟಿದ್ದು ಈ ಅಳತೆಯಿಂದಲೇ.

ನಿಸರ್ಗವೇ ಗೊತ್ತುಮಾಡಿದ ಗೆರೆಯಾದ್ದರಿಂದ ಅದರಿಂದ ಎಷ್ಟು ದೂರದಲ್ಲಿದ್ದೇವೆ ಎಂಬುದನ್ನು ಆಕಾಶವೇ ತಿಳಿಸುತ್ತದೆ. ಉತ್ತರ ಗೋಳಾರ್ಧದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ಅಲ್ಲಿನ ಅಕ್ಷಾಂಶ. ನಕ್ಷತ್ರ ಧ್ರುವದ ನೇರಕ್ಕಿಂತ ಒಂದು ಡಿಗ್ರಿಗೂ ಕಡಿಮೆ ಸರಿದಿದೆ. ನಾವಿಕರು ಅದಕ್ಕೆ ಬೇಕಾದ ತಿದ್ದುಪಡಿಯನ್ನು ಬಲ್ಲವರಾಗಿದ್ದರು. ಹಗಲಿನಲ್ಲಾದರೆ ನಡುಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದು, ಆ ದಿನಾಂಕದ ಕೋಷ್ಟಕ ನೋಡಿ ಲೆಕ್ಕ ಹಾಕಬಹುದು. ಗಡಿಯಾರ ಬೇಡ, ದೂರದ ಊರಿನ ಸಮಯ ಗೊತ್ತಿರಬೇಕಿಲ್ಲ. ಎರಡು ಸಾವಿರ ವರ್ಷಗಳ ಹಿಂದಿನವರಿಗೂ ಅಕ್ಷಾಂಶ ಸಾಕಷ್ಟು ಚೆನ್ನಾಗಿ ಸಿಗುತ್ತಿತ್ತು. ರೇಖಾಂಶ ಮಾತ್ರ ಅವರ ಕೈಗೆ ಸಿಗಲಿಲ್ಲ.

ವೃತ್ತಗಳು ಮತ್ತು ಅರ್ಧವೃತ್ತಗಳು

ಮುಂದೆ ಹೋಗುವ ಮೊದಲು ರೇಖಾಗಣಿತದ ಒಂದು ಮಾತು. ಗೋಳವೊಂದನ್ನು ಸರಿಯಾಗಿ ಅರ್ಧ ಮಾಡಬೇಕಾದರೆ ಕತ್ತಿ ಅದರ ಕೇಂದ್ರದ ಮೂಲಕವೇ ಹಾದುಹೋಗಬೇಕು. ಹಾಗೆ ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತವನ್ನು ಮಹಾವೃತ್ತ ಎನ್ನುತ್ತಾರೆ. ಅಕ್ಷಾಂಶಗಳಲ್ಲಿ ಮಹಾವೃತ್ತ ಎನಿಸಿಕೊಳ್ಳುವುದು ಸಮಭಾಜಕ ವೃತ್ತ ಒಂದೇ. ಅದರ ಸುತ್ತಳತೆ ಸುಮಾರು 40,075 ಕಿಲೋಮೀಟರ್. ಕರ್ಕಾಟಕ ಸಂಕ್ರಾಂತಿ ವೃತ್ತವಾಗಲಿ, ಮಕರ ಸಂಕ್ರಾಂತಿ ವೃತ್ತವಾಗಲಿ, ಧ್ರುವಗಳ ಹತ್ತಿರದ ವೃತ್ತಗಳಾಗಲಿ ಎಲ್ಲವೂ ಅದಕ್ಕಿಂತ ಚಿಕ್ಕವು. ಅವು ಭೂಮಿಯನ್ನು ಒಂದು ದೊಡ್ಡ ಚೂರು, ಒಂದು ಸಣ್ಣ ಚೂರಾಗಿ ಭಾಗಿಸುತ್ತವೆಯೇ ಹೊರತು ಅರ್ಧ ಮಾಡುವುದಿಲ್ಲ. 60° ಅಕ್ಷಾಂಶಕ್ಕೆ ಬರುವಷ್ಟರಲ್ಲಿ ವೃತ್ತದ ಸುತ್ತಳತೆ ಸಮಭಾಜಕ ವೃತ್ತದ ಅರ್ಧಕ್ಕೆ ಇಳಿದಿರುತ್ತದೆ. 90°ಯಲ್ಲಿ ಅದು ಬರಿಯ ಬಿಂದು.

ರೇಖಾಂಶಗಳ ಕಥೆ ಬೇರೆ. ಅವು ಕಿತ್ತಳೆಯ ತೊಳೆಗಳ ಅಂಚುಗಳಂತೆ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಕೂಡುತ್ತವೆ. ಎಲ್ಲವೂ ಒಂದೇ ಉದ್ದ. ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ. ಆದರೆ ಪ್ರತಿಯೊಂದೂ ಅರ್ಧವೃತ್ತ ಮಾತ್ರ. ಪಠ್ಯಗಳಲ್ಲಿ ಬರುವ ‘ಪ್ರಧಾನ ರೇಖಾಂಶವು ಭೂಮಿಯನ್ನು ಎರಡು ಭಾಗ ಮಾಡುತ್ತದೆ’ ಎಂಬ ವಾಕ್ಯದಲ್ಲಿ ಕೊರತೆಯಿರುವುದು ಇಲ್ಲೇ. 0° ರೇಖಾಂಶ ಒಂದರಿಂದಲೇ ಭೂಮಿ ಎರಡಾಗುವುದಿಲ್ಲ. ಅದರ ಬೆನ್ನ ಹಿಂದೆ, ಭೂಮಿಯ ಆಚೆ ಬದಿಯಲ್ಲಿರುವ 180° ರೇಖಾಂಶ ಬಂದು ಸೇರಿದಾಗಲೇ ವೃತ್ತ ಪೂರ್ಣವಾಗುತ್ತದೆ. ಪೂರ್ವ, ಪಶ್ಚಿಮಗಳಿಗೆ ಎರಡು ಗಡಿಗಳಿವೆ: ಒಂದು 0° ರೇಖಾಂಶ ಹಾದುಹೋಗುವ, ಲಂಡನ್ನಿನ ಗ್ರೀನ್‌ವಿಚ್ ಬದಿಯಲ್ಲಿ, ಇನ್ನೊಂದು ಪೆಸಿಫಿಕ್ ಸಾಗರದ ನಡುವೆ.

ಇದರಿಂದ ಹುಟ್ಟುವ ಇನ್ನೊಂದು ಅಸಮಾನತೆಯೂ ಇದೆ. ಉತ್ತರಕ್ಕೆ ಮುಖ ಮಾಡಿ ಹೊರಟವನ ಪ್ರಯಾಣ ಧ್ರುವದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಯಾವ ಕಡೆ ಹೆಜ್ಜೆ ಇಟ್ಟರೂ ದಕ್ಷಿಣವೇ. ಪೂರ್ವಕ್ಕೆ ಹೊರಟವನಿಗೆ ಅಂಥ ಕೊನೆಯಿಲ್ಲ. ಭೂಮಿಯನ್ನು ಎಷ್ಟು ಸಲ ಸುತ್ತಿದರೂ ಅವನು ಪೂರ್ವಕ್ಕೇ ಹೋಗುತ್ತಿರುತ್ತಾನೆ, ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತಾನೆ. ಉತ್ತರ ಗೋಳಾರ್ಧದ ನಡುಬಿಂದು ಉತ್ತರ ಧ್ರುವ, ಅದಕ್ಕೊಂದು ನಿಜವಾದ ಅರ್ಥವಿದೆ. ಪೂರ್ವ ಗೋಳಾರ್ಧದ ನಡುಬಿಂದು ಸಮಭಾಜಕ ವೃತ್ತವೂ 90° ಪೂರ್ವ ರೇಖಾಂಶವೂ ಸಂಧಿಸುವ ಜಾಗ: ಹಿಂದೂ ಮಹಾಸಾಗರದ ನೀರು, ಅಷ್ಟೇ. ಪಶ್ಚಿಮ ಗೋಳಾರ್ಧದ ನಡುಬಿಂದು ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಸಮುದ್ರದಲ್ಲಿದೆ. ಅಲ್ಲಿ ಆಕಾಶದಲ್ಲಿಯೂ ನೀರಿನಲ್ಲಿಯೂ ಬೇರೆಯಾದದ್ದು ಏನೂ ಕಾಣುವುದಿಲ್ಲ.

ಸೊನ್ನೆಯನ್ನು ಎಲ್ಲಿಡುವುದು?

ರೇಖಾಂಶಗಳೆಲ್ಲ ಸಮಾನವಾಗಿರುವುದರಿಂದ ಯಾವುದನ್ನು 0° ಎಂದು ಕರೆಯಬೇಕೆಂದು ಭೂಮಿ ಹೇಳುವುದಿಲ್ಲ. ಯಾರಾದರೂ ಆರಿಸಬೇಕು. ಶತಮಾನಗಳ ಕಾಲ ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಆರಿಸಿಕೊಂಡರು. ಪ್ರಾಚೀನ ಕಾಲದ ಭೂಗೋಳಜ್ಞ ಟಾಲೆಮಿ ತನಗೆ ತಿಳಿದಿದ್ದ ಜಗತ್ತಿನ ಪಶ್ಚಿಮದ ಕೊನೆಯಾದ ‘ಭಾಗ್ಯಶಾಲಿ ದ್ವೀಪ’ಗಳಿಂದ ಎಣಿಸಿದ, ಅವು ಇಂದಿನ ಕ್ಯಾನರಿ ದ್ವೀಪಗಳೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಸೂರ್ಯಸಿದ್ಧಾಂತದ ಪರಂಪರೆಯ ಜ್ಯೋತಿರ್ವಿದರಿಗೆ ಉಜ್ಜಯಿನಿಯ ಮೂಲಕ ಹಾದುಹೋಗುವ ರೇಖೆಯೇ ಮೂಲ. ಅದು ಸಮಭಾಜಕ ವೃತ್ತದ ಮೇಲಿದೆಯೆಂದು ಅವರು ಭಾವಿಸಿದ ಲಂಕೆಯಿಂದ ಹೊರಟು ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಹಾದು ಮೇರುವನ್ನು ಮುಟ್ಟುವ ರೇಖೆ. ಫ್ರೆಂಚರಿಗೆ ಪ್ಯಾರಿಸ್, ಬ್ರಿಟಿಷರಿಗೆ ಗ್ರೀನ್‌ವಿಚ್. ಇವುಗಳಲ್ಲಿ ಯಾವುದೂ ತಪ್ಪಲ್ಲ. ಎಣಿಕೆಯ ಆರಂಭ ಎಲ್ಲಿದ್ದರೂ ಲೆಕ್ಕ ಸರಿಯಾಗಿಯೇ ಬರುತ್ತದೆ. ತೊಂದರೆ ಹುಟ್ಟುವುದು ಒಬ್ಬರ ನಕಾಶೆಯನ್ನು ಇನ್ನೊಬ್ಬರು ಓದುವಾಗ.

ಸಮುದ್ರದ ಮೇಲಂತೂ ರೇಖಾಂಶವನ್ನು ಕಂಡುಹಿಡಿಯುವುದೇ ದೊಡ್ಡ ಸಂಕಟವಾಗಿತ್ತು. ಭೂಮಿ 24 ಗಂಟೆಗಳಲ್ಲಿ 360° ತಿರುಗುತ್ತದೆ, ಅಂದರೆ ಗಂಟೆಗೆ 15°, ನಾಲ್ಕು ನಿಮಿಷಕ್ಕೆ 1°. ನೀವಿರುವ ಕಡೆ ಸೂರ್ಯ ನೆತ್ತಿಗೆ ಬಂದು ಮಧ್ಯಾಹ್ನ 12 ಆದಾಗ ಹೊರಟ ಬಂದರಿನಲ್ಲಿ ಎಷ್ಟು ಗಂಟೆಯಾಗಿದೆ ಎಂದು ತಿಳಿದರೆ ರೇಖಾಂಶ ಸಿಕ್ಕಿತೆಂದೇ ಲೆಕ್ಕ. ಬಂದರಿನಲ್ಲಿ ಆಗ ಮಧ್ಯಾಹ್ನ ಮೂರು ಗಂಟೆಯಾಗಿದ್ದರೆ ನೀವು ಅಲ್ಲಿಂದ 45° ಪಶ್ಚಿಮದಲ್ಲಿದ್ದೀರಿ. ಉಪಾಯವೇನೋ ಸರಳ, ಆದರೆ ತಿಂಗಳುಗಟ್ಟಲೆ ಹೊಯ್ದಾಡುವ ಹಡಗಿನಲ್ಲಿ, ಉಪ್ಪುಗಾಳಿ, ಸೆಕೆ, ಚಳಿಗಳ ನಡುವೆ ಬಂದರಿನ ಸಮಯವನ್ನು ತಪ್ಪದೆ ತೋರಿಸುವ ಗಡಿಯಾರ ಆಗ ಇರಲಿಲ್ಲ. 1707ರಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ತಾವೆಲ್ಲಿದ್ದೇವೆಂದು ತಪ್ಪು ತಿಳಿದು ಇಂಗ್ಲೆಂಡಿನ ನೈಋತ್ಯಕ್ಕಿರುವ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. 1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಕಂಡುಹಿಡಿಯುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಘೋಷಿಸಿತು. ಅರ್ಧ ಡಿಗ್ರಿ ಎಂದರೆ ಇಡೀ ಪ್ರಯಾಣದಲ್ಲಿ ಗಡಿಯಾರ ಎರಡು ನಿಮಿಷಕ್ಕಿಂತ ಹೆಚ್ಚು ತಪ್ಪಬಾರದು. ಬಡಗಿಯ ಮಗ ಜಾನ್ ಹ್ಯಾರಿಸನ್ ತನ್ನ ಬಾಳನ್ನೇ ಇದಕ್ಕೆ ಸವೆಸಿದ. ಅವನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಗೆ ಹೊರಟಿತು. 81 ದಿನಗಳ ಪ್ರಯಾಣದ ನಂತರ ಲೆಕ್ಕ ಹಾಕಿದಾಗ ಅದು ಹಿಂದುಳಿದದ್ದು ಸುಮಾರು ಐದು ಸೆಕೆಂಡು. ಭೂಪಟದ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಾಹಸ ಕಾಣುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ಟೆಲಿಗ್ರಾಫ್‌ಗಳು ಬಂದ ಮೇಲೆ ಎಲ್ಲರಿಗೂ ಒಂದೇ ಸೊನ್ನೆ ಬೇಕೇಬೇಕಾಯಿತು. 1884ರ ಅಕ್ಟೋಬರ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್‌ನಲ್ಲಿ ಸೇರಿದರು. ಆಗಲೇ ಜಗತ್ತಿನ ಹಡಗು ಸಾಗಣೆಯ ಬಹುಪಾಲು ಗ್ರೀನ್‌ವಿಚ್ ಆಧಾರದ ನಕಾಶೆಗಳನ್ನು ಬಳಸುತ್ತಿತ್ತು. ಗ್ರೀನ್‌ವಿಚ್ ಪರವಾಗಿ 22 ಮತಗಳು ಬಿದ್ದವು. ಸ್ಯಾನ್ ಡೊಮಿಂಗೊ (ಇಂದಿನ ಡೊಮಿನಿಕನ್ ಗಣರಾಜ್ಯ) ವಿರೋಧಿಸಿತು, ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥವಾಗಿ ಉಳಿದವು. ಫ್ರಾನ್ಸ್ ತನ್ನ ಕಾನೂನುಬದ್ಧ ಸಮಯವನ್ನು ಗ್ರೀನ್‌ವಿಚ್‌ಗೆ ಹೊಂದಿಸಿಕೊಂಡದ್ದು 1911ರಲ್ಲಿ. ಆಗಲೂ ಕಾನೂನಿನಲ್ಲಿ ಗ್ರೀನ್‌ವಿಚ್ ಹೆಸರೆತ್ತದೆ ‘9 ನಿಮಿಷ 21 ಸೆಕೆಂಡು ಹಿಂದಿಟ್ಟ ಪ್ಯಾರಿಸ್ ಸಮಯ’ ಎಂದೇ ಬರೆದುಕೊಂಡಿತು.

ಅದೇ ಸಭೆಯ ಇನ್ನೊಂದು ನಿರ್ಣಯ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು, ಆದರೆ ಅದನ್ನು ನೆನೆಯುವವರು ಕಡಿಮೆ. ಸೊನ್ನೆಯನ್ನು ಗೊತ್ತುಮಾಡಿದ ಮೇಲೆ ಎಣಿಸುವುದು ಹೇಗೆ? ಒಂದೇ ದಿಕ್ಕಿನಲ್ಲಿ 0°ಯಿಂದ 360°ವರೆಗೆ ಎಣಿಸುತ್ತಾ ಹೋಗಬಹುದಿತ್ತು. ಹಾಗೆ ಮಾಡಿದ್ದರೆ ಸಂಖ್ಯೆಗಳಲ್ಲಿ ಪೂರ್ವ, ಪಶ್ಚಿಮ ಎಂಬ ಭೇದವೇ ಬೇಕಾಗುತ್ತಿರಲಿಲ್ಲ. ಸಭೆ ಎರಡೂ ದಿಕ್ಕಿಗೆ 180°ವರೆಗೆ ಎಣಿಸಬೇಕು, ಪೂರ್ವ ಧನ, ಪಶ್ಚಿಮ ಋಣ ಎಂದು ನಿರ್ಧರಿಸಿತು. ಇದಕ್ಕೆ ಸಿಕ್ಕಿದ್ದು 14 ಮತಗಳು ಮಾತ್ರ. ಐದು ದೇಶಗಳು ವಿರೋಧಿಸಿದವು, ಆರು ತಟಸ್ಥವಾಗಿದ್ದವು. ನಾವು ಇಂದು ಪ್ರತಿಯೊಂದು ರೇಖಾಂಶದ ಮುಂದೆ ‘ಪೂರ್ವ’ ಅಥವಾ ‘ಪಶ್ಚಿಮ’ ಎಂದು ಬರೆಯುವ ಪದ್ಧತಿಗೆ ಆ ದಿನ ಅಧಿಕೃತ ಮುದ್ರೆ ಬಿತ್ತು.

ಗ್ರೀನ್‌ವಿಚ್ ವೀಕ್ಷಣಾಲಯದ ಅಂಗಳದಲ್ಲಿ ಆ ಸೊನ್ನೆಯನ್ನು ಲೋಹದ ಪಟ್ಟಿಯಾಗಿ ನೆಲದಲ್ಲಿ ಕೂರಿಸಿದ್ದಾರೆ. ಪ್ರವಾಸಿಗರು ಅದರ ಎರಡೂ ಬದಿಗೆ ಒಂದೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅಲ್ಲಿ ಮೊಬೈಲ್‌ನ ಜಿಪಿಎಸ್ ತೆರೆದರೆ 0° ಎಂದು ಬರುವುದಿಲ್ಲ. ಉಪಗ್ರಹಗಳು ಬಳಸುವ ಇಂದಿನ ಸೊನ್ನೆ ರೇಖೆ ಆ ಪಟ್ಟಿಯಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಪಕ್ಕದ ಉದ್ಯಾನದಲ್ಲಿ ಹಾದುಹೋಗುತ್ತದೆ. ಹಳೆಯ ದೂರದರ್ಶಕವನ್ನು ಸ್ಥಳೀಯ ಗುರುತ್ವದ ‘ನೇರ ಕೆಳಗೆ’ ಎಂಬ ದಿಕ್ಕಿಗೆ ಹೊಂದಿಸಿ ನಿಲ್ಲಿಸಿದ್ದರು. ಭೂಮಿಯೊಳಗಿನ ದ್ರವ್ಯ ಎಲ್ಲ ಕಡೆ ಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಆ ದಿಕ್ಕು ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಉಪಗ್ರಹಗಳ ಲೆಕ್ಕ ಭೂಮಿಯ ದ್ರವ್ಯಕೇಂದ್ರದಿಂದ ಹೊರಡುತ್ತದೆ. ಎರಡಕ್ಕೂ ಇರುವ ಅಂತರವೇ ಈ ನೂರು ಮೀಟರ್.

ಈಕ್ವೆಡಾರ್‌ನಲ್ಲಿ ಕೀಟೋ ನಗರದ ಹೊರಗೆ ಸಮಭಾಜಕ ವೃತ್ತಕ್ಕಾಗಿ ಕಟ್ಟಿದ ದೊಡ್ಡ ಸ್ಮಾರಕದ್ದೂ ಇಂಥದ್ದೇ ಸ್ಥಿತಿ: ಅಲ್ಲಿ ಬಳಿದ ಗೆರೆ ಜಿಪಿಎಸ್ ತೋರಿಸುವ ಗೆರೆಯಿಂದ ಸುಮಾರು 240 ಮೀಟರ್ ಆಚೆಗಿದೆ. ಮೇಲುನೋಟಕ್ಕೆ ಎರಡೂ ಒಂದೇ ಎನಿಸುತ್ತದೆ, ಒಂದೇ ಅಲ್ಲ. ಕೀಟೋದಲ್ಲಿ ನಿಜವಾದ ಗೆರೆಯನ್ನು ಅಳೆಯುವುದರಲ್ಲಿ ವ್ಯತ್ಯಾಸವಾಯಿತು. ಗ್ರೀನ್‌ವಿಚ್‌ನಲ್ಲಿ ಅಳತೆ ತಪ್ಪಲು ‘ನಿಜವಾದ’ ಸೊನ್ನೆ ಎಂಬುದು ಎಲ್ಲೂ ಇರಲಿಲ್ಲ. ಒಪ್ಪಂದದ ಒಂದು ಸೊನ್ನೆಯ ಜಾಗದಲ್ಲಿ ಒಪ್ಪಂದದ ಇನ್ನೊಂದು ಸೊನ್ನೆ ಬಂತು, ಅಷ್ಟೇ.

180°ಯ ಬದಿಯಲ್ಲಿ

ಪೂರ್ವಕ್ಕೆ ಎಣಿಸುತ್ತಾ ಹೋದರೂ ಪಶ್ಚಿಮಕ್ಕೆ ಎಣಿಸುತ್ತಾ ಹೋದರೂ ಸಿಗುವುದು ಒಂದೇ 180°. ಅದಕ್ಕೆ ಪೂರ್ವ, ಪಶ್ಚಿಮ ಎಂಬ ಅಕ್ಷರ ಬೇಕಾಗಿಲ್ಲ. ದಿನ ಬದಲಾಗುವುದೂ ಇದರ ಆಸುಪಾಸಿನಲ್ಲಿಯೇ. ಸೂರ್ಯನ ಹಿಂದೆ ಪಶ್ಚಿಮಕ್ಕೆ ಸಾಗುತ್ತಾ ಭೂಮಿಯನ್ನು ಒಂದು ಸುತ್ತು ಹಾಕಿದವನು ಅಲ್ಲೇ ಉಳಿದವನಿಗಿಂತ ಒಂದು ಸೂರ್ಯೋದಯವನ್ನು ಕಡಿಮೆ ನೋಡಿರುತ್ತಾನೆ. ಮೆಗಲನ್‌ನ ಯಾತ್ರೆಯಲ್ಲಿ ಬದುಕಿ ಉಳಿದವರು 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪ ತಲುಪಿದಾಗ ಅವರ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ. ಯಾತ್ರೆಯ ದಿನಚರಿಯನ್ನು ದಿನವೂ ತಪ್ಪದೆ ಬರೆದಿಟ್ಟ ಪಿಗಾಫೆಟ್ಟಾನಿಗೆ ಅದು ಮೊದಲಿಗೆ ದೊಡ್ಡ ಒಗಟಾಗಿತ್ತು. ಕಳೆದುಹೋಗುವ ಆ ದಿನವನ್ನು ಎಲ್ಲಾದರೂ ಒಂದು ಕಡೆ ಸರಿದೂಗಿಸಲೇಬೇಕು. ಅದಕ್ಕೇ ಅಂತರರಾಷ್ಟ್ರೀಯ ದಿನಾಂಕ ರೇಖೆ.

ಆದರೆ 180° ರೇಖಾಂಶ ಮತ್ತು ದಿನಾಂಕ ರೇಖೆ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ರೇಖಾಂಶ ನೇರವಾಗಿದೆ, ಗೋಳಾರ್ಧದ ಗಡಿ ಅದು. ದಿನಾಂಕ ರೇಖೆ ಮಾತ್ರ ದೇಶಗಳ ಅನುಕೂಲ ನೋಡಿಕೊಂಡು ಅಂಕುಡೊಂಕಾಗಿ ಬಳಸಿಕೊಂಡು ಹೋಗುತ್ತದೆ. ಕಿರಿಬಾಟಿ ದೇಶದ ದ್ವೀಪಗಳು 180°ಯ ಎರಡೂ ಬದಿಗೆ ಹರಡಿವೆ. ಅರ್ಧ ದೇಶದಲ್ಲಿ ಸೋಮವಾರ, ಇನ್ನರ್ಧದಲ್ಲಿ ಭಾನುವಾರ ಎಂಬ ಪಾಡನ್ನು ತಪ್ಪಿಸಲು 1995ರ ಆರಂಭದಲ್ಲಿ ಅದು ತನ್ನ ಪೂರ್ವದ ದ್ವೀಪಗಳನ್ನೂ ಮುಂದಿನ ದಿನಕ್ಕೆ ಸೇರಿಸಿಕೊಂಡಿತು. ಸಮೋವಾ 2011ರಲ್ಲಿ ಹಾಗೆಯೇ ಬದಿ ಬದಲಿಸಿತು. ಅಲ್ಲಿ ಆ ವರ್ಷ ಡಿಸೆಂಬರ್ 30 ಬರಲೇ ಇಲ್ಲ. ಪರಿಣಾಮವಾಗಿ ಕಿರಿಬಾಟಿಯ ಕಿರಿಟಿಮಾಟಿ ದ್ವೀಪ ಸುಮಾರು 157° ಪಶ್ಚಿಮದಲ್ಲಿದ್ದರೂ, ಅಂದರೆ ಖಚಿತವಾಗಿ ಪಶ್ಚಿಮ ಗೋಳಾರ್ಧದಲ್ಲಿದ್ದರೂ, ಹೊಸ ದಿನವನ್ನು ಎಲ್ಲರಿಗಿಂತ ಮೊದಲು ಕಾಣುವ ಜಾಗಗಳಲ್ಲಿ ಒಂದು. ಅದರ ಉತ್ತರಕ್ಕಿರುವ ಹವಾಯಿಯಲ್ಲಿ ಗಡಿಯಾರದ ಮುಳ್ಳುಗಳು ಅದೇ ಸಮಯ ತೋರಿಸುತ್ತವೆ, ಆದರೆ ಕ್ಯಾಲೆಂಡರ್ ಒಂದು ದಿನ ಹಿಂದಿರುತ್ತದೆ.

ದಾಟಿದರೆ ಏನಾಗುತ್ತದೆ?

ಸಮಭಾಜಕ ವೃತ್ತವನ್ನು ದಾಟಿ ಸಾಕಷ್ಟು ದೂರ ಹೋದರೆ ಜಗತ್ತು ಕಣ್ಣೆದುರೇ ಮಗುಚಿಕೊಳ್ಳುತ್ತದೆ. ಭೂಮಿಯ ಅಕ್ಷ ಸುಮಾರು 23.4° ವಾಲಿರುವುದರಿಂದ ಜೂನ್‌ನಲ್ಲಿ ಉತ್ತರ ಗೋಳಾರ್ಧ ಸೂರ್ಯನ ಕಡೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧ. ಒಂದು ಕಡೆ ಬೇಸಿಗೆಯಾದರೆ ಇನ್ನೊಂದು ಕಡೆ ಚಳಿಗಾಲ. ಋತುಗಳಿಗೆ ಕಾರಣ ಸೂರ್ಯನಿಂದ ಇರುವ ದೂರ ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ ಬರುವುದು ಜನವರಿಯ ಮೊದಲ ವಾರದಲ್ಲಿ, ಉತ್ತರದಲ್ಲಿ ಚಳಿಗಾಲ ಇರುವಾಗಲೇ. ಜುಲೈನಲ್ಲಿ ಅದು ಸುಮಾರು 15.2 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ದೂರವೇ ಕಾರಣವಾಗಿದ್ದರೆ ಎರಡೂ ಗೋಳಾರ್ಧಗಳಲ್ಲಿ ಒಟ್ಟಿಗೇ ಬೇಸಿಗೆ ಬರಬೇಕಿತ್ತು.

ಮಕರ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವವರಿಗೆ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ಉತ್ತರದಲ್ಲಿರುತ್ತಾನೆ. ಅವನ ಕಡೆ ಮುಖ ಮಾಡಿ ನಿಂತರೆ ಅವನು ಬಲದಿಂದ ಎಡಕ್ಕೆ ಸಾಗುವಂತೆ ಕಾಣುತ್ತದೆ. ಅಲ್ಲಿನ ನೆರಳು ಗಡಿಯಾರದ ನೆರಳು ನಮ್ಮ ಗಡಿಯಾರದ ಮುಳ್ಳುಗಳಿಗೆ ಎದುರಾಗಿ ತಿರುಗುತ್ತದೆ. ಉತ್ತರದವರಿಗೆ ಕಾಣುವ ಚಂದ್ರನ ಮೇಲಿನ ಕಲೆಗಳು ಅವರಿಗೆ ತಲೆಕೆಳಗಾಗಿ ಕಾಣುತ್ತವೆ. ಧ್ರುವ ನಕ್ಷತ್ರ ದಿಗಂತದ ಕೆಳಗಿಳಿದು ಮರೆಯಾಗಿರುತ್ತದೆ, ದಕ್ಷಿಣ ಧ್ರುವದ ನೇರಕ್ಕೆ ಅಷ್ಟು ಪ್ರಕಾಶಮಾನವಾದ ನಕ್ಷತ್ರ ಇಲ್ಲದಿರುವುದರಿಂದ ನಾವಿಕರು ತ್ರಿಶಂಕು ನಕ್ಷತ್ರಪುಂಜದ ಉದ್ದನೆಯ ಗೆರೆಯನ್ನು ಮುಂದುವರಿಸಿ ದಕ್ಷಿಣವನ್ನು ಅಂದಾಜಿಸುತ್ತಾರೆ.

ಗಾಳಿಯೂ ಈ ಗೆರೆಯನ್ನು ಬಲ್ಲದು. ಸಮಭಾಜಕ ವೃತ್ತದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಚಲಿಸುತ್ತಿರುತ್ತದೆ, 60° ಅಕ್ಷಾಂಶದಲ್ಲಿ ಅದರ ಅರ್ಧ ವೇಗ. ತಿರುಗುವ ನೆಲದ ಮೇಲೆ ದೂರ ಸಾಗುವ ಗಾಳಿ ಉತ್ತರ ಗೋಳಾರ್ಧದಲ್ಲಿ ತನ್ನ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ ಬಾಗುತ್ತದೆ. ಇದನ್ನು ಕೊರಿಯೊಲಿಸ್ ಪರಿಣಾಮ ಎನ್ನುತ್ತಾರೆ. ಇದರಿಂದಾಗಿ ಚಂಡಮಾರುತಗಳು ಉತ್ತರದಲ್ಲಿ ಅಪ್ರದಕ್ಷಿಣವಾಗಿ, ದಕ್ಷಿಣದಲ್ಲಿ ಪ್ರದಕ್ಷಿಣವಾಗಿ ಸುತ್ತುತ್ತವೆ. ಸಮಭಾಜಕ ವೃತ್ತದ ಮೇಲೆ ಈ ಪರಿಣಾಮ ಸೊನ್ನೆ. ಅದರ ಐದು ಡಿಗ್ರಿ ಆಸುಪಾಸಿನಲ್ಲಿ ಚಂಡಮಾರುತ ಹುಟ್ಟುವುದು ಬಹಳ ಅಪರೂಪ. 2001ರ ಡಿಸೆಂಬರ್‌ನಲ್ಲಿ ಸಿಂಗಪುರದ ಹತ್ತಿರ, ಸುಮಾರು 1.5° ಉತ್ತರದಲ್ಲಿ ಹುಟ್ಟಿದ ‘ವಾಮೆ’ ಚಂಡಮಾರುತ ಹವಾಮಾನ ವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ಸುಳ್ಳನ್ನು ಕಿತ್ತುಹಾಕಲೇಬೇಕು. ಬಚ್ಚಲಿನ ನೀರು ಉತ್ತರದಲ್ಲಿ ಒಂದು ಕಡೆ, ದಕ್ಷಿಣದಲ್ಲಿ ಇನ್ನೊಂದು ಕಡೆ ಸುತ್ತಿಕೊಂಡು ಇಳಿಯುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಸಮಭಾಜಕ ವೃತ್ತದ ಮೇಲಿನ ಪ್ರವಾಸಿ ತಾಣಗಳಲ್ಲಿ ಗೆರೆಯ ಈಚೆ ಆಚೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ಬೋಗುಣಿ ಇಟ್ಟು ಅದನ್ನು ‘ತೋರಿಸುವವರೂ’ ಇದ್ದಾರೆ. ನೂರಾರು ಕಿಲೋಮೀಟರ್ ಅಗಲದ ಚಂಡಮಾರುತವನ್ನು ತಿರುಗಿಸುವ ಬಲ ಒಂದು ಬೋಗುಣಿಯಲ್ಲಿ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ನೀರು ಯಾವ ಕಡೆ ಸುತ್ತಬೇಕೆಂದು ನಿರ್ಧರಿಸುವುದು ಅದನ್ನು ಸುರಿದ ರೀತಿ ಮತ್ತು ಪಾತ್ರೆಯ ಆಕಾರ. ಅದೂ ಅಲ್ಲದೆ ಗೆರೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಆ ಬಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಈಗ 0° ರೇಖಾಂಶವನ್ನು ದಾಟಿ ನೋಡಿ. ಋತು ಬದಲಾಗುವುದಿಲ್ಲ, ನಕ್ಷತ್ರಗಳು ಬದಲಾಗುವುದಿಲ್ಲ, ಗಾಳಿಗೆ ಅದರ ಪರಿವೆಯೇ ಇಲ್ಲ. ಪೂರ್ವ ಗೋಳಾರ್ಧದ ಹವಾಗುಣ ಎಂಬುದೊಂದು ಇಲ್ಲ. ಬದಲಾಗುವುದು ಸಂಖ್ಯೆಯ ಮುಂದಿನ ಅಕ್ಷರ ಮಾತ್ರ.

ಮನುಷ್ಯ ಎಳೆದ ಗೆರೆಯಾದ್ದರಿಂದಲೇ ಮನುಷ್ಯ ಅದನ್ನು ಬೇಕಾದಂತೆ ಸರಿಸಿದ್ದೂ ಇದೆ. 0° ಗೆರೆ ಬ್ರಿಟನ್, ಫ್ರಾನ್ಸ್, ಸ್ಪೇನ್, ಅಲ್ಜೀರಿಯಾ, ಮಾಲಿ, ಬುರ್ಕಿನಾ ಫಾಸೊ, ಟೋಗೊ, ಘಾನಾಗಳನ್ನು ಸೀಳಿಕೊಂಡು ಹೋಗುತ್ತದೆ. ಹೀಗೆ ಯುರೋಪು, ಆಫ್ರಿಕಾಗಳು ತುಂಡಾಗುವುದು ಬೇಡವೆಂದು ಕೆಲವು ಭೂಪಟಗಳು 20° ಪಶ್ಚಿಮ ಮತ್ತು 160° ಪೂರ್ವ ರೇಖಾಂಶಗಳನ್ನು ಗಡಿಯಾಗಿ ಇಟ್ಟುಕೊಳ್ಳುತ್ತವೆ. ಅವೂ ಎದುರು ಬದುರಾದ ಎರಡು ಅರ್ಧವೃತ್ತಗಳೇ, ಅರ್ಧ ಸರಿಯಾಗಿಯೇ ಆಗುತ್ತದೆ. ಸುದ್ದಿಗಳಲ್ಲಿ ‘ಪಶ್ಚಿಮ ಗೋಳಾರ್ಧ’ ಎಂದಾಗ ಬಹುತೇಕ ಸಲ ಉತ್ತರ, ದಕ್ಷಿಣ ಅಮೆರಿಕಗಳೆಂದೇ ಅರ್ಥ. ಪಶ್ಚಿಮ ರೇಖಾಂಶದಲ್ಲೇ ಇರುವ ಐರ್ಲೆಂಡ್, ಪೋರ್ಚುಗಲ್‌ಗಳು ಹಾಗೆ ಹೇಳುವವರ ಮನಸ್ಸಿನಲ್ಲಿರುವುದಿಲ್ಲ. ಸಮಭಾಜಕ ವೃತ್ತವನ್ನು ಹೀಗೆ 20° ಸರಿಸಿ ನೋಡಿ, ಆಗುವುದಿಲ್ಲ.

ನಾಲ್ಕು ಕಾಲುಭಾಗಗಳು

ಎರಡೂ ಕತ್ತರಿಕೆಗಳನ್ನು ಒಟ್ಟಿಗೆ ಇಟ್ಟರೆ ಭೂಮಿ ನಾಲ್ಕು ಕಾಲುಭಾಗವಾಗುತ್ತದೆ. ಈ ನಾಲ್ಕೂ ಒಂದೆಡೆ ಕೂಡುವ ಜಾಗಗಳು ಎರಡೇ: ಒಂದು ಗಿನಿ ಕೊಲ್ಲಿಯಲ್ಲಿ, 0° ಅಕ್ಷಾಂಶ 0° ರೇಖಾಂಶದ ನೀರಿನಲ್ಲಿ, ಇನ್ನೊಂದು ಅದಕ್ಕೆ ನೇರ ಎದುರಿಗೆ ಪೆಸಿಫಿಕ್‌ನಲ್ಲಿ. ಆಫ್ರಿಕಾ ನಾಲ್ಕೂ ಗೋಳಾರ್ಧಗಳಲ್ಲಿದೆ ಎಂದು ಹೇಳುವುದು ವಾಡಿಕೆ. ಅದು ಸರಿ, ಸಮಭಾಜಕ ವೃತ್ತವೂ ಪ್ರಧಾನ ರೇಖಾಂಶವೂ ಅದರ ಮೇಲೆ ಹಾದುಹೋಗುತ್ತವೆ. ಆದರೆ ನಾಲ್ಕು ಕಾಲುಭಾಗಗಳಲ್ಲೂ ಇದೆಯೇ ಎಂದು ಕೇಳಿದರೆ ಉತ್ತರ ಬೇರೆ. ಸಮಭಾಜಕ ವೃತ್ತದ ದಕ್ಷಿಣಕ್ಕೆ ಆಫ್ರಿಕಾದ ಕರಾವಳಿ ಪೂರ್ವಕ್ಕೆ ಸರಿದುಬಿಟ್ಟಿರುವುದರಿಂದ ದಕ್ಷಿಣ–ಪಶ್ಚಿಮದ ಕಾಲುಭಾಗದಲ್ಲಿ ಅದರ ಮುಖ್ಯ ಭೂಭಾಗದ ಒಂದು ಅಂಗುಲವೂ ಇಲ್ಲ. ದೂರದ ಸಾಗರೋತ್ತರ ಪ್ರದೇಶಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಾಲ್ಕರಲ್ಲೂ ನೆಲವಿರುವ ದೇಶ ಕಿರಿಬಾಟಿ ಒಂದೇ.

ಗೆರೆಗಳು ಅಳತೆಯಲ್ಲಿ ಸಮಪಾಲು ಮಾಡಿದರೂ ನೆಲ ಸಮವಾಗಿ ಹಂಚಿಕೆಯಾಗಿಲ್ಲ. ಭೂಮಿಯ ನೆಲದ ಸುಮಾರು ಮೂರನೇ ಎರಡು ಭಾಗ ಉತ್ತರ ಗೋಳಾರ್ಧದಲ್ಲಿದೆ, ಜನಸಂಖ್ಯೆಯಂತೂ ಹತ್ತರಲ್ಲಿ ಒಂಬತ್ತು ಪಾಲಿಗೆ ಹತ್ತಿರ. ದಕ್ಷಿಣ ಗೋಳಾರ್ಧದ ಮೇಲ್ಮೈಯಲ್ಲಿ ಐದರಲ್ಲಿ ನಾಲ್ಕು ಪಾಲು ಸಮುದ್ರ.

ಒಂದು ಚಿಹ್ನೆಯ ಬೆಲೆ

ಗೋಳಾರ್ಧದ ಈ ಲೆಕ್ಕ ಇಂದು ನಮ್ಮ ಕೈಯಲ್ಲಿರುವುದು ಮೊಬೈಲ್ ನಕಾಶೆಯ ಎರಡು ಸಂಖ್ಯೆಗಳ ರೂಪದಲ್ಲಿ. ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಉತ್ತರ ಮತ್ತು ಪೂರ್ವ ಧನ, ದಕ್ಷಿಣ ಮತ್ತು ಪಶ್ಚಿಮ ಋಣ. ಐಫೆಲ್ ಗೋಪುರ: 48.858, 2.294. ಎರಡೂ ಧನ, ಆದ್ದರಿಂದ ಉತ್ತರ–ಪೂರ್ವ. ಸಿಡ್ನಿಯ ಆಪೆರಾ ಹೌಸ್: −33.857, 151.215. ರಿಯೊ ನಗರದ ಕ್ರಿಸ್ತನ ಪ್ರತಿಮೆ: −22.952, −43.210. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ: 40.689, −74.045. ಸ್ಥಳದ ಹೆಸರೇ ಗೊತ್ತಿಲ್ಲದಿದ್ದರೂ ಚಿಹ್ನೆಗಳನ್ನು ನೋಡಿದೊಡನೆ ಅದು ಯಾವ ಕಾಲುಭಾಗದಲ್ಲಿದೆ ಎಂದು ಹೇಳಬಹುದು.

ಋಣ ಚಿಹ್ನೆಯನ್ನು ಮರೆತರೆ ಸಂಖ್ಯೆ ತಪ್ಪೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ಬೇರೆ ಗೋಳಾರ್ಧಕ್ಕೆ ಕರೆದೊಯ್ಯುತ್ತದೆ. ಸ್ವಾತಂತ್ರ್ಯ ಪ್ರತಿಮೆಯ ರೇಖಾಂಶದ ಮುಂದಿನ ಆ ಸಣ್ಣ ಗೆರೆಯನ್ನು ಬಿಟ್ಟು 40.689, 74.045 ಎಂದು ಹಾಕಿದರೆ ನಕಾಶೆ ಕಿರ್ಗಿಸ್ತಾನದ ಪರ್ವತಗಳ ನಡುವೆ ನಿಲ್ಲುತ್ತದೆ. ಆಪೆರಾ ಹೌಸ್‌ನ ಅಕ್ಷಾಂಶದಲ್ಲಿ ಅದೇ ತಪ್ಪು ಮಾಡಿದರೆ ಜಪಾನಿನ ಪೂರ್ವಕ್ಕೆ ನಡುಸಮುದ್ರ. ಎರಡು ಸಂಖ್ಯೆಗಳನ್ನು ಹಿಂದುಮುಂದಾಗಿ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲ ಸಂಖ್ಯೆ 90ಕ್ಕಿಂತ ಹೆಚ್ಚಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅಷ್ಟು ಅಕ್ಷಾಂಶ ಇರಲು ಸಾಧ್ಯವಿಲ್ಲವಲ್ಲ. ಕಡಿಮೆ ಇದ್ದರೆ ಮಾತ್ರ ತಪ್ಪು ಸದ್ದಿಲ್ಲದೆ ನುಸುಳುತ್ತದೆ.

ಚಿಹ್ನೆಗಳು ಮನಸ್ಸಿಗೆ ಹಿಡಿದರೆ ನಿಮ್ಮ ಕಾಲಡಿಗೆ ನೇರ ಎದುರಿನ ಜಾಗವನ್ನು ಕಂಡುಹಿಡಿಯುವುದು ಸುಲಭ. ಅಕ್ಷಾಂಶದ ಚಿಹ್ನೆ ಬದಲಿಸಿ, ರೇಖಾಂಶವನ್ನು 180ರಿಂದ ಕಳೆದು ದಿಕ್ಕು ಬದಲಿಸಿ. ಮ್ಯಾಡ್ರಿಡ್ 40.4° ಉತ್ತರ, 3.7° ಪಶ್ಚಿಮ. ಅದರ ಎದುರು ಬದಿ 40.4° ದಕ್ಷಿಣ, 176.3° ಪೂರ್ವ, ಅದು ನ್ಯೂಜಿಲೆಂಡಿನ ಉತ್ತರ ದ್ವೀಪ. ಒಂದು ಕಡೆ ನಡುಹಗಲಾದರೆ ಇನ್ನೊಂದು ಕಡೆ ನಡುರಾತ್ರಿ, ಒಂದು ಕಡೆ ಬೇಸಿಗೆಯಾದರೆ ಇನ್ನೊಂದು ಕಡೆ ಚಳಿಗಾಲ. ಋತು ಮಗುಚಿದ್ದು ಅಕ್ಷಾಂಶದಿಂದ, ಗಂಟೆ ಮಗುಚಿದ್ದು ರೇಖಾಂಶದಿಂದ.